ತರ್ಕಶಾಸ್ತ್ರಕ್ಕೆ ಇಪ್ಪತ್ತು ತಲೆ

ಸೆಪ್ಟೆಂಬರ್ 1, ಮಂಗಳವಾರ

ಈ ಡೈರಿ ನಾನು ಆಸೆಪಟ್ಟು ಕೊಂಡದ್ದಲ್ಲ. ನಮ್ಮವರು ತಂದುಕೊಟ್ಟದ್ದು. ರಿಟೈರ್ ಆದ ಮೇಲೆ ಅವರಿಗೆ ಊಟದ ಹೊತ್ತಿನಲ್ಲಿ ನೆಮ್ಮದಿ ಬೇಕಂತೆ. "ಕಾಲೇಜಿನವರನ್ನ ಬೈಯೋದಿದ್ರೆ ಇದ್ರಲ್ಲಿ ಬೈಕೋ ತಾಯಿ. ನನ್ನ ಕಿವಿ ಇನ್ನೂ ಸ್ವಲ್ಪ ವರ್ಷ ನಂಗೆ ಬೇಕು" ಅಂದರು. ಸರಿ, ಇದರಲ್ಲೇ ಬೈಯುತ್ತೇನೆ.

ಹೊಸ ಪ್ರಿನ್ಸಿಪಾಲರು ಇವತ್ತು ಸಭೆ ಕರೆದಿದ್ದರು. ನನಗಿಂತ ಎಷ್ಟೋ ಚಿಕ್ಕವರು; ಮಾತಿಗೊಮ್ಮೆ ಗೋಡೆಯ ಮೇಲೆ ಚಿತ್ರ ತೋರಿಸುತ್ತಾರೆ. ಹೊಸ ಪೀಳಿಗೆಯ ನಿರೀಕ್ಷೆ ಬದಲಾಗಿದೆಯಂತೆ. ಅವರಿಗೆ ಆಯ್ಕೆ ಬೇಕು, ಅನುಕೂಲ ಬೇಕು, ಕಲಿತದ್ದರಿಂದ ಏನು ಉಪಯೋಗ ಅಂತ ಮೊದಲೇ ಗೊತ್ತಾಗಬೇಕು. ವಿದ್ಯಾರ್ಥಿಯನ್ನು ಇನ್ನು ಮುಂದೆ ಗ್ರಾಹಕ ಅಂತ ತಿಳಿಯಬೇಕು. "ಹಾಗಾದ್ರೆ ಫೇಲಾದವರಿಗೆ ವಾರಂಟಿ ಕೊಡ್ತೀವಾ ಸರ್?" ಅಂತ ಕೇಳಿದೆ. ಯಾರೂ ನಗಲಿಲ್ಲ. ಪ್ರಿನ್ಸಿಪಾಲರು ಅದನ್ನು ಬರೆದುಕೊಂಡರು.

ವಿಷಯ ಇಷ್ಟು. ಐಚ್ಛಿಕ ಪತ್ರಿಕೆಗಳೆಲ್ಲ ದಿನಾ ಹನ್ನೊಂದು ಗಂಟೆಗೆ, ಬೇರೆ ಬೇರೆ ಕೋಣೆಗಳಲ್ಲಿ ನಡೆಯುತ್ತವೆ. ಈ ತಿಂಗಳಿಡೀ ಮಕ್ಕಳು ಯಾವ ಕೋಣೆಗೆ ಬೇಕಾದರೂ ಹೋಗಿ ಕೂರಬಹುದು, ಬೇಡವೆನಿಸಿದರೆ ಎದ್ದು ಹೋಗಬಹುದು. ಮೂವತ್ತನೇ ತಾರೀಖು ಒಂದೇ ಒಂದು ಪತ್ರಿಕೆಗೆ ಹೆಸರು ನೋಂದಾಯಿಸಬೇಕು. ಇಪ್ಪತ್ತು ಜನ ಸೇರದ ಪತ್ರಿಕೆಯನ್ನು ಮುಚ್ಚುತ್ತಾರೆ. ಅದನ್ನು ಕಲಿಸುತ್ತಿದ್ದವರು ಪರೀಕ್ಷಾ ವಿಭಾಗಕ್ಕೆ ಹೋಗಬೇಕು. ಪರೀಕ್ಷಾ ವಿಭಾಗ ಅಂದರೆ ಮೆಟ್ಟಿಲ ಕೆಳಗಿನ ಕೋಣೆ. ಹಾಲ್ ಟಿಕೆಟ್ ಕಟ್ಟುಗಳ ನಡುವೆ ಒಂದು ಕುರ್ಚಿ, ಮೇಲೆ ಮಕ್ಕಳು ಧಡಧಡ ಇಳಿಯುವ ಸದ್ದು.

ಈ ಇಪ್ಪತ್ತರ ನಿಯಮವನ್ನು ಮಕ್ಕಳಿಗೆ ಹೇಳುವುದೂ ಬಿಡುವುದೂ ನಮಗೆ ಬಿಟ್ಟದ್ದಂತೆ. ನಾನಂತೂ ಹೇಳುವುದಿಲ್ಲ. "ನನ್ನ ಪತ್ರಿಕೆ ಮುಚ್ಚಿಹೋಗುತ್ತೆ, ಬನ್ರಪ್ಪಾ" ಅಂತ ಗೋಗರೆಯುವ ಜಾಯಮಾನ ನನ್ನದಲ್ಲ. ಮೂವತ್ತೊಂದು ವರ್ಷದಿಂದ ತರ್ಕಶಾಸ್ತ್ರ ಕಲಿಸುತ್ತಿದ್ದೇನೆ. ಸರಿಯಾಗಿ ಯೋಚಿಸುವುದನ್ನು ಕಲಿಸುವ ವಿಷಯ ಬೇಡ ಅನ್ನುವವರು ಇರುತ್ತಾರೆಯೇ?

ಸೆಪ್ಟೆಂಬರ್ 2, ಬುಧವಾರ

ಇರುತ್ತಾರೆ.

ಹನ್ನೊಂದು ಜನ ಬಂದಿದ್ದರು. ಎಂದಿನಂತೆ "ಬರ್ಕೊಳ್ಳಿ" ಅಂದೆ. ನೋಟ್ಸಿನ ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ನಾಲ್ವರು ಎದ್ದು ನಿಂತರು. "ಥ್ಯಾಂಕ್ಯೂ ಮೇಡಂ, ಚೆನ್ನಾಗಿತ್ತು" ಅಂತ ಕೈಬೀಸಿ ಹೋದರು. ಚಪ್ಪಲಿ ಅಂಗಡಿಯಲ್ಲಿ ಕಾಲು ತೂರಿಸಿ ನೋಡಿ ಹೋಗುತ್ತಾರಲ್ಲ, ಹಾಗೆ. ಏನು ಚೆನ್ನಾಗಿತ್ತು? ನಾನಿನ್ನೂ ಒಂದು ವಾಕ್ಯವನ್ನೂ ಮುಗಿಸಿರಲಿಲ್ಲ!

ಮೊದಲ ಬೆಂಚಿನಲ್ಲಿ ಕೂದಲು ಮೋಟಾಗಿ ಕತ್ತರಿಸಿಕೊಂಡ ಒಬ್ಬ ಹುಡುಗಿ ಕೂತಿದ್ದಳು, ಬೆಂಚಿನ ಮೇಲೆ ಕಾಲು ಮಡಚಿಕೊಂಡು. ಪೆನ್ನನ್ನೇ ತೆಗೆದಿರಲಿಲ್ಲ. "ಮೇಡಂ, ಯಾಕೆ ಬರ್ಕೋಬೇಕು? ನೋಟ್ಸ್ ನಿಮ್ಮ ಕೈಯಲ್ಲೇ ಇದೆಯಲ್ಲ, ಫೋಟೋ ತೆಗೆದ್ರಾಯ್ತು" ಅಂದಳು.

"ಬರೆದ್ರೆ ತಲೇಲಿ ಉಳಿಯುತ್ತೆ" ಅಂದೆ.

"ನಿಮ್ಮ ತಲೇಲಿ ಉಳಿದಿದ್ರೆ ನೀವ್ಯಾಕೆ ನೋಡ್ಕೊಂಡು ಹೇಳ್ತಿದೀರಾ?"

ಪಿತ್ತ ನೆತ್ತಿಗೇರಿತು. ಅವಳ ಮುಖದಲ್ಲಿ ಕುಹಕವೇನೂ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ. ಅದೇ ಇನ್ನೂ ಕಿರಿಕಿರಿ. ಹೆಸರು ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಅವಳು ಯಾಕಮ್ಮ.

ಸೆಪ್ಟೆಂಬರ್ 4, ಶುಕ್ರವಾರ

ಪಕ್ಕದ ದೊಡ್ಡ ಹಾಲಿನಲ್ಲಿ 'ಯಶಸ್ವಿ ವ್ಯಕ್ತಿತ್ವ' ಎಂಬ ಹೊಸ ಪತ್ರಿಕೆ. ಕಲಿಸುವವರಿಗೆ ಸ್ಟಾಫ್ ರೂಮಿನಲ್ಲಿ ನಗುಮುಖ ಎಂದೇ ಹೆಸರು. ಹಲ್ಲುನೋವು ಬಂದಾಗಲೂ ನಗುತ್ತಿದ್ದ ಮನುಷ್ಯ. ಅವರ ಕೋಣೆಯಲ್ಲಿ ಜಾಗವಿಲ್ಲದೆ ಮಕ್ಕಳು ಕಿಟಕಿಯ ಮೇಲೆ ಕೂತಿದ್ದರು.

ಟೀ ಹೊತ್ತಿನಲ್ಲಿ ಗುಟ್ಟೇನೆಂದು ಕೇಳಿದೆ. ನಮ್ರವಾಗಿ ಹೇಳಿದರು: "ಏನಿಲ್ಲ ಮೇಡಂ. ನೋಂದಣಿ ಮುಗಿದ ಮೇಲೆ ನಂದು ಪೂರ್ತಿ ವಿಡಿಯೋ. ಅಟೆಂಡೆನ್ಸ್ ಇಲ್ಲ. ಪರೀಕ್ಷೆ ಅಂದ್ರೆ 'ನಾನು ಮತ್ತು ನನ್ನ ಗುರಿ' ಅಂತ ಒಂದು ಪುಟ. ನೂರಕ್ಕೆ ತೊಂಬತ್ತು ಗ್ಯಾರಂಟಿ. ಮಕ್ಕಳಿಗೂ ಖುಷಿ, ನಂಗೂ ಖುಷಿ. ನೀವೂ ಸ್ವಲ್ಪ ಸಡಿಲ ಬಿಡಿ."

ನನ್ನ ಪತ್ರಿಕೆಯಲ್ಲಿ ಅರವತ್ತು ದಾಟಿದವರನ್ನು ನಾನು ಕಂಡಿಲ್ಲ ಅಂತ ಹೆಮ್ಮೆಯಿಂದ ಹೇಳಿದೆ. "ಕೊಟ್ಟಿದ್ರೆ ತಾನೆ ಕಾಣೋಕೆ?" ಅಂದು ನಕ್ಕರು.

ಇನ್ನೊಂದು ಅವಾಂತರ. ಹೋಗಿ ಕೂತು ಬಂದ ತರಗತಿಗೆಲ್ಲ ಮಕ್ಕಳು ಫೋನಿನಲ್ಲಿ ನಕ್ಷತ್ರ ಕೊಡುತ್ತಾರಂತೆ. ನನಗೆ ಎರಡೂವರೆ. ಮನೆಯಲ್ಲಿ ಮಗಳು ಕೆಳಗಿನ ಅಭಿಪ್ರಾಯವನ್ನು ಗಟ್ಟಿಯಾಗಿ ಓದಿದಳು: "ಮೇಡಂ ಒಳ್ಳೆಯವರು, ಆದರೆ ಪಾಠ ಮಾಡುತ್ತಾರೆ." ನಮ್ಮವರು ನಕ್ಕ ನಗುವಿಗೆ ಅನ್ನ ನೆತ್ತಿಗೆ ಹತ್ತಿತು. ಚೆನ್ನಾಗಾಯಿತು.

ಸೆಪ್ಟೆಂಬರ್ 7, ಸೋಮವಾರ

ಮಗಳು ಬೇರೆ ಕಾಲೇಜಿನಲ್ಲಿ ಎರಡನೇ ವರ್ಷ. ಪಾಠವನ್ನೆಲ್ಲ ಫೋನಿನಲ್ಲೇ ಕೇಳುತ್ತಾಳೆ, ಅದೂ ಎರಡರಷ್ಟು ವೇಗದಲ್ಲಿ. ಅವಳ ಕೋಣೆಯಿಂದ ಬರುವ ಸದ್ದು ಕೇಳಿದರೆ ಮೇಷ್ಟರ ಬೆನ್ನಿಗೆ ಯಾರೋ ನಾಯಿ ಬಿಟ್ಟಿದ್ದಾರೆ ಅನ್ನಿಸುತ್ತದೆ.

ಅವಳ ಒತ್ತಾಯಕ್ಕೆ ನಾನೂ ಒಂದು ವಿಡಿಯೋಗೆ ಒಪ್ಪಿದೆ. ನಮ್ಮವರು ಕ್ಯಾಮೆರಾ ಹಿಡಿದರು. ಇಪ್ಪತ್ತು ನಿಮಿಷ ಮಾತಾಡಿದ ಮೇಲೆ ನೋಡಿದರೆ ಬರೀ ನನ್ನ ಹಣೆ, ಹಿಂದುಗಡೆ ಒಣಹಾಕಿದ ಟವೆಲು. ನಡುವೆ ಎರಡು ಸಲ ಕಾಲಿಂಗ್ ಬೆಲ್ಲು, ಒಂದು ಸಲ ಇವರ ಆಕಳಿಕೆ. ಮಗಳು ಅದನ್ನು ಡಬಲ್ ಸ್ಪೀಡಿನಲ್ಲಿ ಹಾಕಿ, "ಈಗ ಪರವಾಗಿಲ್ಲ ಅಮ್ಮಾ" ಅಂದಳು.

"ಅಲ್ಲ ಕಣೇ, ಮೇಷ್ಟ್ರು ಎದುರಿಗೇ ಇರುವಾಗ ನಿಮಗೆ ಇದೆಲ್ಲ ಯಾಕೆ?"

"ಎದುರಿಗಿದ್ರೂ ನೀವೆಲ್ಲ ವಿಡಿಯೋ ಥರಾನೇ ಇರ್ತೀರಲ್ಲಮ್ಮಾ. ನಿಲ್ಲಿಸೋಕಾಗಲ್ಲ, ಅಷ್ಟೇ ವ್ಯತ್ಯಾಸ."

ಯಾರಿಗೆ ಹುಟ್ಟಿದ್ದೋ ಈ ಬಾಯಿ. ವಿಡಿಯೋ ಅಳಿಸಿದೆ.

ಸೆಪ್ಟೆಂಬರ್ 9, ಬುಧವಾರ

ಆರು ಜನ. ಎಲ್ಲ ಪುಸ್ತಕಗಳಲ್ಲೂ ಇರುವ ಉದಾಹರಣೆ ಬರೆಸುತ್ತಿದ್ದೆ: ಕಾಗೆಗಳೆಲ್ಲ ಕಪ್ಪು, ಇದು ಕಾಗೆ, ಆದ್ದರಿಂದ ಇದು ಕಪ್ಪು. ಯಾಕಮ್ಮ ಕೈಯೆತ್ತಿದಳು.

"ಮೇಡಂ, ಕಾಗೆ ಕಪ್ಪು ಅಂತ ಗೊತ್ತಾಗೋಕೆ ಇಷ್ಟೆಲ್ಲ ಬೇಕಾ? ನೋಡಿದ್ರೆ ಕಾಣಲ್ವಾ?"

ಸಾಕಾಗಿಹೋಗಿತ್ತು. ನೋಟ್ಸನ್ನು ಮೇಜಿನ ಮೇಲೆ ಕುಕ್ಕಿದೆ. "ಹಾಗಾದ್ರೆ ನೀವೇ ತನ್ನಿ ಉದಾಹರಣೆ! ನಂಗೂ ಕಾಗೆ ಸಾಕಾಗಿದೆ!" ಅಂತ ಕೂಗಿದೆ. ಕೂಗಿದ್ದು ಕಾರಿಡಾರಿಗೂ ಕೇಳಿಸಿರಬೇಕು.

ಅವಳಿಗೆ ಒಂದಿಷ್ಟೂ ಅಂಜಿಕೆಯಿಲ್ಲ. ಸೀದಾ ಹೊರಗೆ ಹೋದಳು, ಬಾಗಿಲಿಗೆ ಅಂಟಿಸಿದ್ದ ಪ್ರಿನ್ಸಿಪಾಲರ ನೋಟೀಸನ್ನು ಕಿತ್ತುಕೊಂಡು ಬಂದು ನನ್ನ ಕೈಗಿತ್ತಳು. "ಶಿಸ್ತಿನ ವಿದ್ಯಾರ್ಥಿಗಳೆಲ್ಲರೂ ಸಮಯಕ್ಕೆ ಸರಿಯಾಗಿ ಬರುತ್ತಾರೆ. ಆದ್ದರಿಂದ ಸಮಯಕ್ಕೆ ಸರಿಯಾಗಿ ಬರುವವರೆಲ್ಲರೂ ಶಿಸ್ತಿನ ವಿದ್ಯಾರ್ಥಿಗಳು. ಅಂಥವರಿಗೆ ಬಹುಮಾನ ನೀಡಲಾಗುವುದು."

"ಇದು ಸರಿನಾ ಮೇಡಂ? ಏನೋ ಎಡವಟ್ಟು ಅನ್ಸುತ್ತೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ."

ಆಹಾ! ಪಾಠದ ಐದನೇ ಅಧ್ಯಾಯ ತಾನಾಗಿ ನಡೆದು ಬಂದಿತ್ತು. ನಾನು ಹೇಳಿಕೊಡುವ ಮೊದಲೇ ಹಿಂದಿನ ಬೆಂಚಿನ ಉದ್ದನೆಯ ಹುಡುಗ, ಉದ್ದಣ್ಣ ಅನ್ನೋಣ, ಕೂಗಿದ: "ನಾನು ದಿನಾ ಎಲ್ರಿಗಿಂತ ಮೊದ್ಲೇ ಬರ್ತೀನಿ. ಇನ್ನೊಬ್ರ ಅಸೈನ್‌ಮೆಂಟ್ ಕಾಪಿ ಹೊಡೀಬೇಕಲ್ಲ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಶಿಸ್ತಿದ್ದರೆ ಹೊತ್ತಿಗೆ ಸರಿಯಾಗಿ ಬರುವುದು ಬೇರೆ, ಹೊತ್ತಿಗೆ ಸರಿಯಾಗಿ ಬಂದರೆ ಶಿಸ್ತಿರುವುದು ಬೇರೆ. ಮಾತನ್ನು ಹಿಂದುಮುಂದು ತಿರುಗಿಸಿದರೆ ಸತ್ಯವೂ ತಿರುಗಿಕೊಂಡು ಬರುತ್ತದೆ ಅಂತಿಲ್ಲ. ಬೋರ್ಡಿನ ಮೇಲೆ ಎರಡು ವೃತ್ತ ಬರೆದು ತೋರಿಸಿದೆ. ಗಂಟೆ ಹೊಡೆದದ್ದು ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಕ್ಲಾಸಿನವರು ಬಂದು ಬಾಗಿಲು ಬಡಿದರು.

ಶಿಸ್ತು ಅನ್ನುವುದೇ ಇಲ್ಲ ಈ ಮಕ್ಕಳಿಗೆ. ನೋಟೀಸನ್ನು ಮತ್ತೆ ಅಂಟಿಸಬೇಕಾಗಿ ಬಂದದ್ದು ನನಗೆ.

ಸೆಪ್ಟೆಂಬರ್ 14, ಸೋಮವಾರ

ನೋಟ್ಸ್ ಮನೆಯಲ್ಲೇ ಮರೆತು ಹೋಗಿದ್ದೆ. ವಯಸ್ಸಾಯಿತು.

ಈಗ ದಿನಕ್ಕೊಬ್ಬರು ಒಂದು ಮಾತು ತರುತ್ತಾರೆ. ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಬೇಕು. ಯಾರು ಯಾರಿಗೆ ಹೇಳಿದ್ದು ಅಂತ ಬೇಡ, ಮಾತು ಸಾಕು. ಶುಕ್ರವಾರ ಕೂದಲೆಣ್ಣೆಯ ಜಾಹೀರಾತು. ಇವತ್ತು ಇದು: "ನೀನು ನನ್ನನ್ನು ಪ್ರೀತಿಸುತ್ತಿದ್ದರೆ ಮೆಸೇಜಿಗೆ ಕೂಡಲೇ ಉತ್ತರ ಕೊಡುತ್ತಿದ್ದೆ. ಕೊಡಲಿಲ್ಲ. ಆದ್ದರಿಂದ ಪ್ರೀತಿಸುವುದಿಲ್ಲ."

ಅಬ್ಬಾ, ಎಂಥ ಗಲಾಟೆ! ಅರ್ಧ ಕ್ಲಾಸು ಸರಿ ಅಂತು, ಅರ್ಧ ಕ್ಲಾಸು ತಪ್ಪು ಅಂತು. ನನ್ನ ಕ್ಲಾಸಿನಲ್ಲಿ ಅರ್ಧ ಅಂದರೆ ಈಗ ಸುಮಾರು ಜನ. ಮೇಜು ಬಡಿದು ಸುಮ್ಮನಾಗಿಸಬೇಕಾಯಿತು.

"ಮಾತಿನ ಕಟ್ಟಡ ಸರಿಯಾಗಿದೆ. ಮೊದಲೆರಡು ಮಾತು ಒಪ್ಪಿದ್ರೆ ಮೂರನೇದನ್ನ ಒಪ್ಪಲೇಬೇಕು" ಅಂದೆ. "ಆದ್ರೆ ಮೊದಲನೇ ಮಾತೇ ಸುಳ್ಳು. ಪ್ರೀತಿಸೋರು ಕೂಡಲೇ ಉತ್ತರ ಕೊಡ್ತಾರೆ ಅಂತ ಯಾರು ಹೇಳಿದ್ದು? ನಮ್ಮನೇಲಿ ಮದುವೆಯಾದಾಗಿನಿಂದ ಯಾರೂ ಯಾರಿಗೂ ಕೂಡಲೇ ಉತ್ತರ ಕೊಟ್ಟಿಲ್ಲ."

ಮೂರನೇ ಬೆಂಚಿನ ಒಬ್ಬ ಹುಡುಗಿ ಹಿಂದೆ ತಿರುಗಿ, "ಕೇಳಿಸ್ಕೊಂಡ್ಯಾ?" ಅಂದಳು. ಉದ್ದಣ್ಣನ ಕಿವಿ ಕೆಂಪಗಾಯಿತು. ಯಾರ ಚೀಟಿ ಅಂತ ಎಲ್ಲರಿಗೂ ತಿಳಿಯಿತು. ಕ್ಲಾಸು ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಇಳಿದುಹೋದರು. ಅದಕ್ಕೆ ನಾನು ಜವಾಬ್ದಾರಳಲ್ಲ.

ಸೆಪ್ಟೆಂಬರ್ 16, ಬುಧವಾರ

ಬೆಂಚು ಸಾಲಲಿಲ್ಲ. ಪಕ್ಕದ ಕೋಣೆಯಿಂದ ಎಳೆದು ತಂದರು, ನೆಲವೆಲ್ಲ ಗೀರು. ಗಂಟಲು ಕೂತಿದೆ.

ಸೆಪ್ಟೆಂಬರ್ 21, ಸೋಮವಾರ

ಇವತ್ತು ಅವಮಾನವಾಯಿತು.

ಈ ತಿಂಗಳು ಹಾಜರಿ ಬೇಕಿಲ್ಲದಿದ್ದರೂ ನಾನು ದಿನಾ ಕರೆಯುತ್ತೇನೆ. ಬಂದವರ ಹೆಸರನ್ನೆಲ್ಲ ಕರೆಯುವುದಕ್ಕೆ ಈಗ ಬಹಳ ಹೊತ್ತು ಬೇಕು. ಯಾಕೆ ಕರೀತೀರಾ ಅಂತ ಯಾಕಮ್ಮ ಕೇಳಿದಳು, ಇನ್ಯಾರು ಕೇಳುತ್ತಾರೆ? ನಾನು ಯೋಚಿಸದೆ, "ಕ್ಲಾಸಿಗೆ ಬರದವರು ಕಲಿಯಲ್ಲ. ಅಂದ್ರೆ ಬಂದವರು ಕಲೀತಾರೆ. ಅದಕ್ಕೇ!" ಅಂದುಬಿಟ್ಟೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಉದ್ದಣ್ಣ ಬಹಳ ವಿನಯದಿಂದ ಎದ್ದು ನಿಂತು, ಕೊನೆಯ ಬೆಂಚಿನಲ್ಲಿ ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದ್ದವನ ಕಡೆ ಕೈ ತೋರಿಸಿದ. "ಮೇಡಂ, ಅವನೂ ಬಂದಿದಾನೆ."

ಸದ್ದಿಗೆ ಅವನು ದಡಬಡಿಸಿ ಎದ್ದು, "ಪ್ರೆಸೆಂಟ್ ಮೇಡಂ!" ಅಂದ.

ನೆಲ ಬಾಯಿಬಿಡಬಾರದೇ ಅನ್ನಿಸಿತು. "ನಿಮ್ಮನ್ನ ಪರೀಕ್ಷೆ ಮಾಡೋಕೇ ಹಾಗಂದಿದ್ದು" ಅಂದೆ. ಒಬ್ಬರೂ ನಂಬಲಿಲ್ಲ. ಆಮೇಲೆ ನನಗೇ ನಗು ತಡೆಯಲಾಗಲಿಲ್ಲ. ಹೇಳಿಕೊಡುವವಳೇ ಗುಂಡಿಗೆ ಬಿದ್ದರೆ ಇವರು ಬಿಡುತ್ತಾರೆಯೇ?

ಮನೆಯಲ್ಲಿ ನಮ್ಮವರು ನನ್ನ ಮುಖವನ್ನೇ ನೋಡುತ್ತಿದ್ದರು. "ಒಂದು ವಾರದಿಂದ ಕಾಲೇಜನ್ನ ಬೈದಿಲ್ಲ. ಊಟ ಸೇರ್ತಿದೆಯಾ? ಡಾಕ್ಟ್ರ ಹತ್ರ ಹೋಗಿ ಬರೋಣ್ವಾ?" ಅಂದರು. ಬೈಯುವುದೆಲ್ಲ ಡೈರಿಯಲ್ಲಿ ಬೈಯುತ್ತಿದ್ದೇನೆ ಅಂತ ಹೇಳಿದೆ.

ಸೆಪ್ಟೆಂಬರ್ 24, ಗುರುವಾರ

ಯಾಕಮ್ಮ ಎರಡು ದಿನದಿಂದ ಬಂದಿಲ್ಲ. ಕ್ಲಾಸು ಸಪ್ಪೆ. ಸಪ್ಪೆ ಅಂದರೆ ಶಾಂತವಾಗಿದೆ ಅಂತ.

ಜ್ವರವಂತೆ. ಉದ್ದಣ್ಣನನ್ನು ಕೇಳಿ ತಿಳಿದುಕೊಂಡೆ. ಹಾಜರಿಗೆ ಬೇಕಾಗುತ್ತಲ್ಲ.

ಸೆಪ್ಟೆಂಬರ್ 28, ಸೋಮವಾರ

ಬಂದಳು. ಬಂದವಳೇ, ತಪ್ಪಿಹೋದ ದಿನಗಳ ಪಾಠ ಪೂರ್ತಿ ಇನ್ನೊಮ್ಮೆ ಬೇಕು ಅಂದಳು. ಇವರಪ್ಪನ ಮನೆ ಆಳು ನಾನು! ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಹೇಳಿಕೊಟ್ಟೆ. ಊಟ ತಣ್ಣಗಾಯಿತು.

ಇನ್ನೆರಡು ದಿನಕ್ಕೆ ನೋಂದಣಿ. ಕ್ಲಾಸಿನಲ್ಲಿ ಈಗ ನಲವತ್ತಕ್ಕೆ ಕಡಿಮೆಯಿಲ್ಲ. ಇಪ್ಪತ್ತು ಯಾವ ಲೆಕ್ಕ? ಆದರೂ ಒಂದು ಮಾತು ಹೇಳಿಬಿಡಲೇ ಅನ್ನಿಸಿತು. ಬಾಯಿವರೆಗೂ ಬಂತು. ಛೆ, ತುಂಬಿದ ಕ್ಲಾಸಿನ ಮುಂದೆ ನಿಂತು ಬೇಡುವುದೇ? ಹೇಳಲಿಲ್ಲ.

ಸ್ಟಾಫ್ ರೂಮಿನಲ್ಲಿ ನಗುಮುಖರನ್ನು ನೋಡಿ ಪಾಪ ಅನ್ನಿಸಿತು. ಅವರ ದೊಡ್ಡ ಹಾಲ್ ಅರ್ಧಕ್ಕರ್ಧ ಖಾಲಿ. "ಬೇಜಾರು ಮಾಡ್ಕೋಬೇಡಿ, ಮಕ್ಕಳಿಗೆ ಕೊನೆಗೂ ಗಟ್ಟಿ ಯಾವುದು ಜೊಳ್ಳು ಯಾವುದು ಅಂತ ಗೊತ್ತಾಗುತ್ತೆ" ಅಂತ ಸಮಾಧಾನ ಹೇಳಿದೆ. ಅವರು ನಕ್ಕರು. ಕ್ಲಾಸಿನಲ್ಲಿ ವರ್ಷವಿಡೀ ಏನೇನು ಮಾಡಬಹುದೆಂದು ಪಟ್ಟಿ ಬರೆದೆ. ಮಗಳ ಫೋನಿನಲ್ಲಿ ನೋಡಿದೆ, ನಾಲ್ಕೂವರೆ ನಕ್ಷತ್ರ. ನನಗೇನು ಅದರ ಹಂಗಿಲ್ಲ.

ಸೆಪ್ಟೆಂಬರ್ 30, ಬುಧವಾರ

ಏಳು.

ಏಳು ಜನ. ಪ್ರಿನ್ಸಿಪಾಲರು ಕರೆದು ತೋರಿಸಿದರು. ನಗುಮುಖರಿಗೆ ನೂರಾ ಹನ್ನೆರಡು.

ಬರೆಯಲು ಕೈ ಓಡುತ್ತಿಲ್ಲ.

(ಸ್ವಲ್ಪ ಹೊತ್ತಿನ ಮೇಲೆ)

ಬರೆದುಬಿಡುತ್ತೇನೆ, ಇಲ್ಲದಿದ್ದರೆ ಎದೆ ಒಡೆಯುತ್ತದೆ. ಪ್ರಿನ್ಸಿಪಾಲರ ಕೋಣೆಯಿಂದ ಹೊರಗೆ ಬರುವಾಗ ಕಾರಿಡಾರಿನಲ್ಲಿ ಯಾಕಮ್ಮ ಸಿಕ್ಕಿದಳು. ನನ್ನನ್ನು ಕಂಡು ಹಲ್ಲು ಕಿರಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ನೀನು ಯಾವುದಕ್ಕೆ ಹೆಸರು ಕೊಟ್ಟೆ?"

"ಯಶಸ್ವಿ ವ್ಯಕ್ತಿತ್ವಕ್ಕೆ ಮೇಡಂ."

"ಯಾಕೆ?" ಅಂದೆ. ಜೀವನದಲ್ಲಿ ಮೊದಲ ಸಲ ಅವಳನ್ನು ನಾನು ಕೇಳಿದ್ದು.

"ಅಲ್ಲಿ ಅಟೆಂಡೆನ್ಸ್ ಇಲ್ವಲ್ಲ ಮೇಡಂ! ವಿಡಿಯೋ ಹಾಕಿ ಬಿಟ್ರೆ ಅದ್ರ ಪಾಡಿಗೆ ಅದು ಓಡ್ತಿರುತ್ತೆ. ಹನ್ನೊಂದು ಗಂಟೆ ಪೀರಿಯಡ್ ಪೂರ್ತಿ ಖಾಲಿ. ಆರಾಮಾಗಿ ನಿಮ್ಮ ಕ್ಲಾಸಿಗೆ ಬಂದು ಕೂರಬಹುದು. ನಿಮ್ಮ ಪೇಪರಲ್ಲಿ ಮಾರ್ಕ್ಸ್ ಬೀಳಲ್ಲ ಅಂತ ಸೀನಿಯರ್ಸ್ ಎಲ್ಲ ಹೇಳಿದಾರೆ. ಅದಕ್ಕೇ ಮಾರ್ಕ್ಸ್ ಅವರ ಹತ್ರ, ಪಾಠ ನಿಮ್ಮ ಹತ್ರ. ಉದ್ದಣ್ಣಂದೇ ಐಡಿಯಾ. ಎಲ್ರೂ ಹಾಗೇ ಮಾಡಿದೀವಿ." ಅವನನ್ನು ಅವರೂ ಉದ್ದಣ್ಣ ಅಂತಲೇ ಕರೆಯುತ್ತಾರೆ ಅಂತ ಆಗ ಗೊತ್ತಾಯಿತು. "ನಾಳೆ ಅದೇ ರೂಮೇನಾ ಮೇಡಂ?"

ಯಾವ ಕಪಟವೂ ಇಲ್ಲದ ಮುಖ. ಎಲ್ಲವನ್ನೂ ಒಳ್ಳೆಯ ರೀತಿಯಲ್ಲಿ ಏರ್ಪಾಟು ಮಾಡಿದ್ದೇವೆ ಅಂತ ಮೆಚ್ಚುಗೆಗೆ ಕಾಯುತ್ತಿದ್ದಳು.

"ನಾಳೆ ಕ್ಲಾಸಿಲ್ಲ" ಅಂದೆ. "ಇಪ್ಪತ್ತು ಜನ ಹೆಸರು ಕೊಡದಿದ್ರೆ ಮುಚ್ಚುತ್ತಾರೆ. ಮುಚ್ಚಿದ್ರು."

ಅವಳ ಬಣ್ಣವೇ ಇಳಿದುಹೋಯಿತು. "ಮುಚ್ಚೋದಾ? ನಾವು ಇಷ್ಟು ಜನ ಬರ್ತಾ ಇದೀವಲ್ಲ! ಮೇಡಂ... ನಮಗೆ ಯಾರೂ ಹೇಳಲೇ ಇಲ್ಲ. ನೀವು ಯಾಕೆ ಹೇಳಲಿಲ್ಲ?"

ಉತ್ತರ ಕೊಡದೆ ಬಂದುಬಿಟ್ಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಪ್ರಶ್ನೆ ಕಿವಿಯಲ್ಲಿ. ಇಷ್ಟು ದಿನ ಅವಳು ಕೇಳಿದ್ದರಲ್ಲೆಲ್ಲ ನನಗೆ ಉತ್ತರ ಚೆನ್ನಾಗಿ ಗೊತ್ತಿದ್ದದ್ದು ಇದೊಂದಕ್ಕೇ.

ಅಕ್ಟೋಬರ್ 1, ಗುರುವಾರ

ಪರೀಕ್ಷಾ ವಿಭಾಗ. ಕುರ್ಚಿಗೆ ಒಂದು ಕೈ ಇಲ್ಲ. ಹನ್ನೊಂದು ಗಂಟೆಗೆ ಗಂಟೆ ಹೊಡೆದಾಗ ಎದ್ದು ನಿಂತುಬಿಟ್ಟೆ. ಹಾಲ್ ಟಿಕೆಟ್ ವಿಂಗಡಿಸುತ್ತಿದ್ದ ಗುಮಾಸ್ತರು "ಏನಾದ್ರೂ ಬೇಕಿತ್ತಾ ಮೇಡಂ?" ಅಂದರು. ಏನೂ ಇಲ್ಲ ಅಂತ ಕೂತೆ.

ಅಕ್ಟೋಬರ್ 5, ಸೋಮವಾರ

ಪ್ರಿನ್ಸಿಪಾಲರು ಮತ್ತೆ ಕರೆದರು. ತಲೆನೋವಿನವರ ಹಾಗೆ ಹಣೆ ಹಿಡಿದುಕೊಂಡಿದ್ದರು.

"ನಿಮ್ಮ ಹುಡುಗರು ಬೆಳಿಗ್ಗೆಯಿಂದ ನನ್ನ ತಲೆ ತಿಂದುಹಾಕಿದ್ರು ಮೇಡಂ. ಹೆಸರು ಬದಲಾಯಿಸ್ತೀವಿ ಅಂದ್ರು. ನೋಂದಣಿ ಮುಗೀತು, ಕಂಪ್ಯೂಟರ್ ತಗೊಳಲ್ಲ ಅಂದೆ. ಆಮೇಲೆ ಆ ಉದ್ದನೆಯವನು ಕೇಳ್ತಾನೆ: ನಮಗೇನು ಬೇಕು ಅಂತ ತಿಳ್ಕೊಳ್ಳೋಕೆ ತಾನೆ ಸರ್ ನೋಂದಣಿ? ಬೇಕು ಅಂತ ನಿಮ್ಮೆದುರಿಗೇ ನಿಂತಿದೀವಿ. ಈಗ ನೀವು ನಂಬೋದು ನಮ್ಮನ್ನೋ ಕಂಪ್ಯೂಟರನ್ನೋ? ಅಂತ. ನಾನೇನು ಹೇಳ್ಲಿ?"

'ನಿಮ್ಮ ಹುಡುಗರು' ಅಂದರು. ಹೊಟ್ಟೆಗೆ ತಣ್ಣನೆ ಹಾಲು ಹೊಯ್ದ ಹಾಗಾಯಿತು. ಮುಖ ಮಾತ್ರ ಗಂಟಿಕ್ಕಿಕೊಂಡೇ ಇದ್ದೆ.

"ನಿಯಮ ಮುರಿಯೋಕಾಗಲ್ಲ" ಅಂದರು. "ಬೇಕಾದ್ರೆ ಸಂಜೆ ನಾಲ್ಕೂವರೆಗೆ, ಕಾರಿಡಾರ್ ಕೊನೇ ಕೋಣೇಲಿ ಮಾಡ್ಕೊಳ್ಳಿ. ಮಾರ್ಕ್ಸ್ ಇಲ್ಲ, ಹಾಜರಿ ಇಲ್ಲ, ಸರ್ಟಿಫಿಕೇಟ್ ಇಲ್ಲ. ನಿಮ್ಮ ಕೆಲಸದ ಲೆಕ್ಕಕ್ಕೂ ಸೇರಲ್ಲ. ಹುಡುಗರಿಗೂ ಇದನ್ನೇ ಹೇಳಿ ಕಳಿಸಿದೀನಿ. ನಿಜ ಹೇಳ್ಲಾ? ಏನೂ ಸಿಗಲ್ಲ ಅಂದ್ರೆ ಈ ಕಾಲದ ಮಕ್ಕಳು ಒಬ್ರೂ ಬರಲ್ಲ. ಹನ್ನೊಂದು ಗಂಟೆಗೆ ಬರೋದು ಬೇರೆ, ಮನೆಗೆ ಹೋಗೋ ಹೊತ್ತಲ್ಲಿ ಬರೋದು ಬೇರೆ."

ಅದನ್ನು ನಾನೂ ಒಪ್ಪಿದೆ. ಮನೆಗೆ ಬಂದು ಇವರ ಹತ್ತಿರವೂ ಅದನ್ನೇ ಹೇಳಿದೆ. "ಹಂಗಾದ್ರೆ ನಾಳೆ ಬೇಗ ಬರ್ತೀಯಾ?" ಅಂದರು. ನೋಡೋಣ ಅಂದೆ.

ಅಕ್ಟೋಬರ್ 6, ಮಂಗಳವಾರ

ಆ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುತ್ತದೋ ಇಲ್ಲವೋ ನೋಡಿಕೊಂಡು ಹೊರಡೋಣವೆಂದು ನಾಲ್ಕು ಗಂಟೆಗೇ ಹೋದೆ. ಮುಚ್ಚುತ್ತಿತ್ತು. ಬೆಂಚಿನ ಮೇಲೆ ಬೆರಳು ದಪ್ಪ ಧೂಳು. ಒರೆಸಿದೆ. ಬೋರ್ಡು ಒರೆಸಿದೆ. ಮತ್ತೊಮ್ಮೆ ಒರೆಸಿದೆ.

ನಾಲ್ಕೂವರೆ ಆಯಿತು. ಕೆಳಗೆ ಗೇಟಿನ ಹತ್ತಿರ ಮಕ್ಕಳೆಲ್ಲ ನಗುತ್ತಾ ಕೇಕೆ ಹಾಕುತ್ತಾ ಮನೆಗೆ ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ಪ್ರಿನ್ಸಿಪಾಲರು ಹೇಳಿದ್ದು ಸರಿ ಅಂದುಕೊಂಡೆ. ಚೀಲ ಹೆಗಲಿಗೆ ಹಾಕಿಕೊಂಡೆ. ಅಳು ಬಂದಿತ್ತು. ಯಾರು ನೋಡುತ್ತಾರೆ, ಬರೆದರೇನು? ಬಂದಿತ್ತು.

ಆಗ ಕಾರಿಡಾರಿನಲ್ಲಿ ಧಡಧಡ ಸದ್ದಾಯಿತು.

ಮೊದಲು ಯಾಕಮ್ಮ. ಹಿಂದೆ ಉದ್ದಣ್ಣ, ಅವನ ಪಕ್ಕ ಮೂರನೇ ಬೆಂಚಿನವಳು. ಆವತ್ತು ನಿದ್ದೆ ಮಾಡಿದ್ದವನೂ ಬಂದಿದ್ದ. ಹೆಸರು ಕೊಟ್ಟಿದ್ದ ಏಳರಲ್ಲಿ ಮೂವರು. ಒಟ್ಟು ಹದಿನಾಲ್ಕು ಜನ. ನಲವತ್ತಲ್ಲ.

"ಇದೇನು ಬರೋ ಹೊತ್ತಾ? ಎಷ್ಟು ಹೊತ್ತು ಕಾಯ್ಬೇಕು ನಾನು?" ಅಂತ ರೇಗಿದೆ.

"ಕೊನೇ ಕೋಣೆ ಅಂದ್ರೆ ಯಾವ ಕಡೆ ಕೊನೆ ಅಂತ ಗೊತ್ತಾಗ್ಲಿಲ್ಲ ಮೇಡಂ. ಆ ಕಡೆ ಕೊನೇಲಿ ಕೂತಿದ್ವಿ" ಅಂದ ಉದ್ದಣ್ಣ. ಎಲ್ಲರೂ ಸದ್ದು ಮಾಡಿಕೊಂಡು ಕೂತರು. ಯಾಕಮ್ಮ ಕಾಲು ಮಡಚಿಕೊಂಡು ಮುಂದಿನ ಬೆಂಚಿನಲ್ಲಿ. ಕೂತವಳೇ ಕೈಯೆತ್ತಿದಳು.

"ಮೇಡಂ, ಒಂದು ಡೌಟು. ನಮಗೆ ಇದರಿಂದ ಮಾರ್ಕ್ಸ್ ಇಲ್ಲ. ನಿಮಗೂ ಇದು ಡ್ಯೂಟೀಲಿ ಬರಲ್ಲ. ಮತ್ತೆ ನೀವು ಯಾಕೆ ಬಂದ್ರಿ?"

ಕಿಟಕಿ ನೋಡೋಕೆ ಅನ್ನಬಹುದಿತ್ತು. ಅನ್ನಲಿಲ್ಲ. "ನೀವು ಬರ್ತೀರೋ ಇಲ್ವೋ ಅಂತ ಬೆಳಿಗ್ಗೆಯಿಂದ ಎದೆ ಹೊಡ್ಕೊಳ್ತಿತ್ತು. ಅದಕ್ಕೆ ಬಂದೆ" ಅಂದೆ.

ನಾನು ಮೇಜು ಬಡಿಯದೆಯೇ ಇವರು ಸುಮ್ಮನಾದದ್ದು ಇದೇ ಮೊದಲು. ಕೊನೆಗೆ ಉದ್ದಣ್ಣ ಗಂಟಲು ಸರಿಮಾಡಿಕೊಂಡು ಹೇಳಿದ: "ಅದು ಕಾರಣ ಅಂತ ಆಗಲ್ಲ ಮೇಡಂ."

"ಆಗಲ್ಲ ಕಣೋ, ಗೊತ್ತು. ಕೂತ್ಕೋ" ಅಂದೆ. ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ಎತ್ತಿಕೊಂಡೆ. ಏನು ಬರೆಯಬೇಕೆಂದು ಹೊಳೆಯಲಿಲ್ಲ. ಬಹಳ ಹೊತ್ತು ಹಾಗೇ ಬೆನ್ನು ಮಾಡಿ ನಿಂತಿದ್ದೆ. ಅವರು ಕಾದರು.